ಗೆರೆ ಅದೇ, ತೂಕ ಬೇರೆ

ಫೆಬ್ರವರಿ 6

ಅಪ್ಪ,

ಮೊನ್ನೆ ಕಚೇರಿಯಿಂದ ಫೋನು ಮಾಡಿ "ಕೆಲಸ ಬದಲಾಗಿದೆ" ಎಂದು ಮೂರು ಸಲ ಕೂಗಿದೆ. ನೀನು ಮೂರು ಸಲವೂ "ಈಗಷ್ಟೇ ಊಟ ಆಯ್ತು" ಎಂದೆ. ಪಕ್ಕದ ಮೇಜಿನವರು ಇನ್ನೂ ನಗುತ್ತಿದ್ದಾರೆ. ಮೂವತ್ತು ವರ್ಷ ಲಾರಿಗಳ ಪಕ್ಕದಲ್ಲಿ ಕೂತ ಕಿವಿ, ಅದನ್ನು ಬೈದು ಫಲವಿಲ್ಲ. ಇನ್ನು ಮೇಲೆ ಕಾಗದವೇ ಗತಿ.

ನಮ್ಮದು ಜನರ ಉಳಿತಾಯವನ್ನು ಷೇರುಗಳಲ್ಲಿ ಹೂಡುವ ಸಂಸ್ಥೆ ಅಂತ ನಿನಗೆ ಗೊತ್ತು. ಇಷ್ಟು ದಿನ ನಾನು ಸಾಬೂನು, ಬಿಸ್ಕತ್ತು ಮಾಡುವ ಕಂಪನಿಗಳನ್ನು ನೋಡಿಕೊಳ್ಳುತ್ತಿದ್ದೆ. ಈಗ ಕಲ್ಲಿದ್ದಲು ನನ್ನ ಪಾಲಿಗೆ ಬಂದಿದೆ. ಯಾರಿಗೂ ಬೇಡವಾದದ್ದನ್ನು ನನ್ನ ತಲೆಗೆ ಕಟ್ಟಿದ್ದಾರೆ ಅಂದರೂ ಸರಿಯೇ. "ನೀನು ಗಣಿ ಊರಿನವಳಲ್ವಾ, ನಿನಗೆ ಅದರ ವಾಸನೆ ಗೊತ್ತಿರುತ್ತೆ" ಎಂದರು ಮ್ಯಾನೇಜರು. ವಾಸನೆ ಗೊತ್ತು ನಿಜ. ಒಗೆದ ಬಟ್ಟೆ ಒಣಗುವಷ್ಟರಲ್ಲಿ ಮತ್ತೆ ಒಗೆಯಬೇಕಾಗುತ್ತಿದ್ದದ್ದೂ ಗೊತ್ತು.

ಏಪ್ರಿಲ್ ಕೊನೆಯೊಳಗೆ ವರದಿ ಕೊಡಬೇಕು: ಕೊಳ್ಳಬೇಕೋ, ಬಿಡಬೇಕೋ. ಪಟ್ಟಿಯಲ್ಲಿ ನಿನ್ನ ಕಂಪನಿಯೂ ಇದೆ. ಒಂಬತ್ತು ವರ್ಷದ ಹಿಂದೆ ನೂರಿದ್ದ ಷೇರು ಈಗ ಹದಿನೆಂಟು. ಇಲ್ಲಿ ಎಲ್ಲರೂ ಕಲ್ಲಿದ್ದಲಿನ ಕಥೆ ಮುಗಿಯಿತು ಅನ್ನುತ್ತಾರೆ. ಗಣಿಯ ಅಂಗಳದಲ್ಲಿ ಏನು ಕಾಣುತ್ತದೆ ಹೇಳುತ್ತೀಯಾ? ಒಳಗಿನ ಲೆಕ್ಕ ಬೇಡ, ಅದನ್ನು ಮುಟ್ಟುವಂತಿಲ್ಲ. ರಸ್ತೆಯಲ್ಲಿ ನಿಂತ ಯಾರಿಗಾದರೂ ಕಾಣುವಷ್ಟು ಸಾಕು.

ಇನ್ನೊಂದು ವಿಷಯ. ಕಚೇರಿಯ ಒಂದು ನಮೂನೆ ತುಂಬಬೇಕು. ನಾನು ನೋಡುವ ಕಂಪನಿಗಳಲ್ಲಿ ನನ್ನ ಮನೆಯವರು ಕಳೆದ ಹತ್ತು ವರ್ಷದಲ್ಲಿ ಕೊಂಡ, ಮಾರಿದ ಷೇರುಗಳ ವಿವರ, ದಿನಾಂಕದ ಸಮೇತ. ನಿನ್ನವೂ ಎಲ್ಲರ ಜೊತೆ ಮುಳುಗಿದ್ದು ಗೊತ್ತು. ಆದರೂ ಹಳೆಯ ಕಾಗದ ಟ್ರಂಕಿನಲ್ಲಿದ್ದರೆ ಎಷ್ಟೆಂದು ನೋಡಿ ಬರೆ.

ನಿನ್ನ ಮಗಳು


ಫೆಬ್ರವರಿ 17

ಮಗಳೇ,

ಕಾಗದ ಸಿಕ್ಕಿತು. ನಿನ್ನ ಅಮ್ಮ ಎರಡು ಸಲ ಓದಿಸಿಕೊಂಡಳು. ಬಟ್ಟೆಯ ಮಾತು ಬಂದಾಗ "ಒಗೀತಿದ್ದವಳು ನಾನು, ಬರೆಯೋಳು ಇವಳು" ಎಂದಳು.

ಷೇರಿನ ವಿಷಯದಲ್ಲಿ ನನ್ನ ಬಾಯಿಗೆ ಬೀಗ ಬಿದ್ದು ಒಂಬತ್ತು ವರ್ಷವಾಯಿತು. ಆಗ ನಾನು ವೇಬ್ರಿಜ್ಜಿನ ಗುಮಾಸ್ತ. ಗೇಟಿನಿಂದ ಹೊರಡುವ ಪ್ರತಿ ಲಾರಿಯನ್ನೂ ತೂಗಿ ಚೀಟಿ ಹರಿದು ಕೊಡುತ್ತಿದ್ದವನು. ಕ್ಯಾಂಟೀನಿನಲ್ಲಿ ಕೂತು, ಲಾರಿಗಳ ಸಾಲು ಸೈಕಲ್ ಅಂಗಡಿ ದಾಟಿ ಆಸ್ಪತ್ರೆಯ ತಿರುವಿಗೆ ಬಂದಿದೆ ಎಂದು ದೊಡ್ಡ ಗಂಟಲಲ್ಲಿ ಹೇಳಿದೆ. ತೂಗುವವನೇ ಹೇಳಿದ ಮೇಲೆ ಇನ್ನೇನು ಎಂದು ಮೂವತ್ತೊಂದು ಜನ ಕಂಪನಿಯ ಷೇರು ಕೊಂಡರು. ಎದುರು ಮನೆಯ ನಿನ್ನ ದೊಡ್ಡಪ್ಪ ಎಲ್ಲರಿಗಿಂತ ಹೆಚ್ಚು ಕೊಂಡ. ಆಮೇಲೆ ಆದದ್ದು ನಿನಗೆ ಗೊತ್ತೇ ಇದೆ. ಗಣಿಯ ತಳದಲ್ಲಿ ಇಪ್ಪತ್ತು ವರ್ಷ ನೀರೆತ್ತುವ ಪಂಪು ನೋಡಿಕೊಂಡವನು, ದಿನವೂ ಸಂಜೆ ನಮ್ಮ ಮೆಟ್ಟಿಲ ಮೇಲೆ ಕೂತು ನಿನಗೆ ಲೆಕ್ಕ ಹೇಳಿಕೊಡುತ್ತಿದ್ದವನು, ಈಗ ನಾನು ಬಾಗಿಲು ತೆರೆದರೆ ತನ್ನ ಬಾಗಿಲು ಹಾಕಿಕೊಳ್ಳುತ್ತಾನೆ. ಆದ್ದರಿಂದ ನನ್ನನ್ನು ಕೇಳಬೇಡ. ಬಿಸ್ಕತ್ತಿನ ಕಂಪನಿಯೇ ವಾಸಿ, ಬೆಲೆ ಬಿದ್ದರೆ ತಿನ್ನಬಹುದು.

ಅಂಗಳ ಹಾಗೇ ಇದೆ. ಉತ್ತರದ ರಾಶಿಯಿಂದ ಮಳೆ ಬಂದ ಮರುದಿನ ಹೊಗೆ ಏಳುತ್ತದೆ. ಮಾರದೆ ಬಹಳ ದಿನ ಕೂತ ಕಲ್ಲಿದ್ದಲು ಒಳಗೊಳಗೇ ಕಾಯುತ್ತದೆ, ನಿನಗೆ ಚಿಕ್ಕವಳಿದ್ದಾಗ ತೋರಿಸಿದ್ದೆ. ಕಬ್ಬಿಣದ ಸರಳು ಚುಚ್ಚಿ ತೆಗೆದರೆ ಹಿಡಿಯಲಾಗುತ್ತಿರಲಿಲ್ಲ.

ಅಪ್ಪ


ಮಾರ್ಚ್ 3

ಅಪ್ಪ,

ಬೀಗ ಹಾಕಿದ ಬಾಯಿಂದಲೂ ಹೊಗೆಯ ವಿಷಯ ಹೊರಗೆ ಬಂತಲ್ಲ, ಸಂತೋಷ.

ಒಂದು ತಿಂಗಳಿಂದ ನಲವತ್ತು ವರ್ಷದ ಬೆಲೆಗಳನ್ನು ಹರಡಿಕೊಂಡು ಕೂತಿದ್ದೇನೆ. ಬೆಲೆ ಹೆಚ್ಚಿದ್ದಾಗ ಎಲ್ಲ ಕಂಪನಿಗಳೂ ಹೊಸ ಗಣಿ ತೋಡಲು ಹೊರಡುತ್ತವೆ. ಗಣಿ ತೋಡಿ, ರೈಲು ಹಳಿ ಹಾಕಿ, ಕಲ್ಲಿದ್ದಲು ಹೊರಗೆ ಬರಲು ಐದಾರು ವರ್ಷ ಬೇಕು. ಅಷ್ಟರಲ್ಲಿ ಎಲ್ಲರದ್ದೂ ಒಟ್ಟಿಗೆ ಬರುತ್ತದೆ, ಕೊಳ್ಳುವವರು ಅಷ್ಟೇ ಇರುತ್ತಾರೆ, ಬೆಲೆ ಕುಸಿಯುತ್ತದೆ. ಆಗ ಗಣಿ ಮುಚ್ಚುತ್ತಾರೆ, ಯಂತ್ರ ಮಾರುತ್ತಾರೆ, ಹೊಸದನ್ನು ತೋಡುವ ಮಾತೇ ಇಲ್ಲ. ವರ್ಷಗಳು ಕಳೆದು ಒಂದು ದಿನ ಕಲ್ಲಿದ್ದಲು ಸಾಲದೆ ಬರುತ್ತದೆ. ಮತ್ತೆ ಮೊದಲಿನಿಂದ. ಪ್ರತಿ ಸುತ್ತಿನಲ್ಲೂ ಜನ ಮೇಲಿದ್ದಾಗ ಇನ್ನು ಇಳಿಯುವುದೇ ಇಲ್ಲ ಎಂದಿದ್ದಾರೆ, ಕೆಳಗಿದ್ದಾಗ ಏಳುವುದೇ ಇಲ್ಲ ಎಂದಿದ್ದಾರೆ. ಈ ಸಲ ಅವರು ಹೇಳುವುದರಲ್ಲಿ ಸ್ವಲ್ಪ ನಿಜವೂ ಇದೆ. ಗಾಳಿ, ಬಿಸಿಲಿನಿಂದ ವಿದ್ಯುತ್ತು ತೆಗೆಯುತ್ತಿದ್ದಾರೆ. ಹಾಗಾಗಿ ಮುಂದಿನ ಏರಿಕೆ ಕೊನೆಯದಾಗಿದ್ದರೂ ಇರಬಹುದು.

ಇದನ್ನೆಲ್ಲ ಓದುವಾಗ ನಿನ್ನ ಲಾರಿ ಸಾಲು ನೆನಪಾಯಿತು. ನೀನು ಎಣಿಸಿದ್ದು ತಪ್ಪಿರಲಿಲ್ಲ. ಸಾಲು ಅತಿ ಉದ್ದ ಇರುವುದೇ ತುದಿಯಲ್ಲಿ, ಅಷ್ಟೆ. ಗೇಟಿನೊಳಗೆ ಕೂತವನಿಗೆ ಅದು ತುದಿ ಎಂದು ಗೊತ್ತಾಗುವುದು ಹೇಗೆ? ಇಷ್ಟು ವರ್ಷ ನೀನು ಸುಮ್ಮನೆ ನಿನ್ನನ್ನು ಹಳಿದುಕೊಂಡಿದ್ದೀಯ ಅನಿಸುತ್ತದೆ.

ನಮೂನೆಯ ವಿಷಯ ನೀನು ಬರೆಯಲೇ ಇಲ್ಲ. ಏಪ್ರಿಲ್ ಹತ್ತು ಕೊನೆಯ ದಿನ.

ನಿನ್ನ ಮಗಳು


ಮಾರ್ಚ್ 19

ಮಗಳೇ,

ನಿನ್ನ ಕಾಗದ ಓದಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಬೆಳಿಗ್ಗೆ ಎದ್ದು ಬೇಲಿಯ ಉದ್ದಕ್ಕೂ ನಡೆದುಬಂದೆ. ಒಂದು ವಾರ ದಿನಾ ಹೋಗುತ್ತಿದ್ದೇನೆ. ನಿವೃತ್ತಿಯಾದ ಮೇಲೆ ಇಷ್ಟು ಕೆಲಸ ಮಾಡಿದ್ದು ಇದೇ ಮೊದಲು.

ಉತ್ತರದ ರಾಶಿ ಹೋದ ವರ್ಷ ಬೇಲಿಯ ಈ ತುದಿಯಿಂದ ಆ ತುದಿಗೆ ಇನ್ನೂರ ಹತ್ತು ಹೆಜ್ಜೆ ಇತ್ತು. ಈಗ ನೂರ ಅರವತ್ತು. ಬುಡದಿಂದ ಕೊರೆದು ಒಯ್ಯುತ್ತಿದ್ದಾರೆ, ಮೇಲೆ ಹೊಸದು ಬೀಳುತ್ತಿಲ್ಲ. ದೊಡ್ಡ ಅಗೆಯುವ ಯಂತ್ರಗಳಲ್ಲಿ ಎರಡನ್ನು ಗ್ಯಾಸಿನಲ್ಲಿ ಕತ್ತರಿಸಿ ಗುಜರಿಗೆ ಹಾಕಿದರು. ಕತ್ತರಿಸುವುದನ್ನು ನೋಡಲು ಅದನ್ನು ಓಡಿಸುತ್ತಿದ್ದವನೇ ಬಂದು ನಿಂತಿದ್ದ. ಬೆಟ್ಟದ ಆಚೆಯ ಸಣ್ಣ ಗಣಿಯಲ್ಲಿ ನೀರು ತುಂಬಲು ಬಿಟ್ಟಿದ್ದಾರೆ. ಒಮ್ಮೆ ನೀರು ತುಂಬಿದರೆ ಅದನ್ನು ಮತ್ತೆ ತೆರೆಯಲು ಎರಡು ವರ್ಷ ಬೇಕು. ಈಗ ಹೊರಡುವ ಕಲ್ಲಿದ್ದಲನ್ನು ಆರು ಜನ ಹೆಂಗಸರು ಕೂತು ಕಲ್ಲು ಆರಿಸಿ ಕಳಿಸುತ್ತಾರೆ. ಅಷ್ಟು ಚೊಕ್ಕ ಮಾಡಿದರೂ ಕೊಳ್ಳುವವರು ಮೂಗು ಮುರಿಯುತ್ತಾರಂತೆ.

ಕಂಪನಿಗೆ ಹಣದ ಅಡಚಣೆ. ನಮ್ಮ ಕ್ವಾರ್ಟರ್ಸ್ ಮನೆಗಳನ್ನೇ ಮಾರಲು ಹೊರಟಿದ್ದಾರೆ. ಇರುವವರೇ ಕೊಳ್ಳಬಹುದು, ಮುಂದಿನ ವರ್ಷದ ಕೊನೆಯೊಳಗೆ ಹಣ ಕಟ್ಟಬೇಕು, ಇಲ್ಲವೇ ಮನೆ ಬಿಡಬೇಕು. ನಿವೃತ್ತಿಗೆ ಬಂದ ಇಡಿಗಂಟಿನಲ್ಲಿ ನಮ್ಮ ಮನೆ ನಮ್ಮದಾಗುತ್ತದೆ.

ಸಾಲಿನ ವಿಷಯದಲ್ಲಿ ನನ್ನನ್ನು ಸಮಾಧಾನ ಮಾಡಬೇಡ.

ಅಪ್ಪ


ಮಾರ್ಚ್ 27

ಅಪ್ಪ,

ನೀನು ಬರೆದ ಒಂದು ಪುಟ ನಮ್ಮ ಕಚೇರಿಯ ಮೂರು ವರದಿಗೆ ಸಮ. ನನ್ನ ವರದಿಯಲ್ಲಿ ಏನಿರುತ್ತದೆ ಎಂದು ಮಾತ್ರ ಕೇಳಬೇಡ, ಅದು ಹೊರಬರುವವರೆಗೆ ಯಾರಿಗೂ ಹೇಳುವಂತಿಲ್ಲ. ನಿನ್ನ ಕಣ್ಣಿಗೆ ಕಂಡದ್ದನ್ನು ನೀನು ಯಾರಿಗೆ ಬೇಕಾದರೂ ಹೇಳಬಹುದು.

ಯಾರಿಗೆ ಎಂದರೆ ದೊಡ್ಡಪ್ಪನಿಗೆ. ಅಮ್ಮ ಫೋನಿನಲ್ಲಿ ಹೇಳಿದಳು. ದೊಡ್ಡಪ್ಪನ ಹತ್ತಿರ ಆ ಷೇರುಗಳು ಇನ್ನೂ ಹಾಗೇ ಇವೆಯಂತೆ. ಮೇ ಮೊದಲ ವಾರ ಅವರ ಮಗ ಬಂದಾಗ ಎಲ್ಲವನ್ನೂ ಮಾರಿ, ಮನೆ ಬಿಟ್ಟು, ಮಗನ ಊರಿನಲ್ಲಿ ಒಂದು ಕೋಣೆ ಹಿಡಿಯುತ್ತಾರಂತೆ. ಇವತ್ತಿನ ಬೆಲೆಗೆ ಮಾರಿದರೆ ಆ ಮನೆಯ ಒಂದು ಬಾಗಿಲೂ ಬರುವುದಿಲ್ಲ. ಅಮ್ಮನಿಗೂ ದೊಡ್ಡಮ್ಮನಿಗೂ ದಿನಾ ಅಳುವುದೇ ಕೆಲಸ. ನೀವಿಬ್ಬರು ಗಂಡಸರು ಒಂಬತ್ತು ವರ್ಷ ಮುಖ ತಿರುಗಿಸಿಕೊಂಡು ನಡೆದಿರಿ, ಅವರಿಬ್ಬರು ಒಂದು ದಿನವೂ ಬಿಟ್ಟವರಲ್ಲ. ಹೋಗಿ ಒಂದು ಮಾತು ಹೇಳು.

ನಮೂನೆ. ಮೂರನೆಯ ಸಲ ಕೇಳುತ್ತಿದ್ದೇನೆ.

ನಿನ್ನ ಮಗಳು


ಏಪ್ರಿಲ್ 3

ಮಗಳೇ,

ಬರೆದುಕೋ. ಕೊಂಡದ್ದು ಎರಡು ಕಂತಿನಲ್ಲಿ, ಒಟ್ಟು ಆರುನೂರು ಷೇರು. ಮಾರಿದ್ದು ಆರುನೂರೂ ಒಂದೇ ದಿನ. ಒಂಬತ್ತು ವರ್ಷದ ಹಿಂದೆ, ಆಗಸ್ಟ್ 14. ಬೆಲೆ ತೊಂಬತ್ತೇಳು.

ಈಗ ನಿನಗೆ ಅರ್ಥವಾಗಿರಬೇಕು. ಆದರೂ ಪೂರ್ತಿ ಬರೆಯುತ್ತೇನೆ.

ಲಾರಿಯ ಒಳಮೈಗೆ ಒಂದು ಬಿಳಿ ಗೆರೆ ಬಳಿದಿರುತ್ತಾರೆ. ಕಲ್ಲಿದ್ದಲನ್ನು ಆ ಗೆರೆಗೆ ತುಂಬಿದರೆ ತೂಕ ಎಷ್ಟು ಬರಬೇಕು ಎಂದು ನನಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತಿತ್ತು. ಆ ವರ್ಷ ಜುಲೈನಿಂದ ಗೆರೆ ಅದೇ ಇದ್ದು ತೂಕ ಏರತೊಡಗಿತು. ಎಲ್ಲರೂ ಭರ್ತಿ ಕಲ್ಲಿದ್ದಲು ಹೋಗುತ್ತಿದೆ ಎಂದು ಹಿಗ್ಗಿದರು. ಕಲ್ಲಿದ್ದಲಿಗಿಂತ ಕಲ್ಲು ಭಾರ ಎಂಬುದು ತೂಗುವವನಿಗೆ ಗೊತ್ತು. ಕಪ್ಪಗಿದ್ದದ್ದೆಲ್ಲ ಮಾರಾಟವಾಗುವ ಕಾಲ ಅದು, ಕಲ್ಲು ಆರಿಸುವವರನ್ನೂ ತೆಗೆದುಹಾಕಿದ್ದರು. ಆಗಸ್ಟ್ 14ರ ಬೆಳಿಗ್ಗೆ ಒಂದು ಲಾರಿ ತುಂಬಿದ ಹಾಗೇ ವಾಪಸು ಬಂತು. ಕೊಂಡವರು ಬೇಡ ಎಂದಿದ್ದರು. ಹತ್ತು ವರ್ಷದಲ್ಲಿ ನಾನು ನೋಡಿದ ಮೊದಲ ವಾಪಸು ಲಾರಿ. ಮೇಲಿನವರು ಚೀಟಿ ಹರಿದುಹಾಕು ಎಂದರು, ಹರಿದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಸ್ ನಿಲ್ದಾಣದ ದಲ್ಲಾಳಿಯ ಹತ್ತಿರ ಹೋಗಿ ಎಲ್ಲವನ್ನೂ ಮಾರಿದೆ. ಮುಂದಿನ ವಾರ ನಿನ್ನ ಕಾಲೇಜಿನ ಹಣ ಕಟ್ಟಿದೆ. ಮಗಳ ಓದಿಗೆಂದು ಮಾರಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಕಟ್ಟಬೇಕಾದದ್ದು ಅದರ ಕಾಲು ಭಾಗವಾಗಿತ್ತು.

ಇದಿಷ್ಟೇ ಆಗಿದ್ದರೆ ಹೇಗೋ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ನಾನು ಮಾರಿದ ನಾಲ್ಕನೆಯ ದಿನ ನಿನ್ನ ದೊಡ್ಡಪ್ಪ ಕ್ಯಾಂಟೀನಿನಲ್ಲಿ ನನ್ನ ಪಕ್ಕ ಕೂತು ಕೇಳಿದ, "ಪಿಎಫ್ ದುಡ್ಡು ಬಂದಿದೆ. ಇನ್ನಷ್ಟು ತಗೊಳ್ಳಲೇನೋ?" ನಾನು ಚಹಾದ ಲೋಟದೊಳಗೆ ನೋಡುತ್ತಾ, "ನಿನ್ನಿಷ್ಟ" ಎಂದೆ.

ಅವನು ಕೊಂಡ. ನೂರಕ್ಕೆ.

ಹೇಳಿದರೆ ಮಾತು ಹಬ್ಬುತ್ತದೆ, ಚೀಟಿ ಹರಿದದ್ದು ಹೊರಬರುತ್ತದೆ, ಕೆಲಸ ಹೋಗುತ್ತದೆ ಎಂಬ ಭಯ ಇತ್ತು. ಮಾರಿದವನು ಎಂಬ ನಾಚಿಕೆಯೂ ಇತ್ತು. ಸಾಲಿನ ಬಗ್ಗೆ ತಪ್ಪಾಗಿ ಹೇಳಿದೆನೆಂದು ಅವನು ಕೋಪ ಮಾಡಿಕೊಂಡಿದ್ದಾನೆ ಎಂದು ನೀವೆಲ್ಲ ಅಂದುಕೊಂಡಿದ್ದೀರಿ. ನನ್ನ ತಪ್ಪು ಅಷ್ಟೇ ಎಂದು ಅವನೂ ಅಂದುಕೊಂಡಿದ್ದಾನೆ. ನಾನು ಅವನ ಕಣ್ಣಿಗೆ ಬೀಳದಂತೆ ಓಡಾಡುವುದು ಯಾಕೆಂದು ನಿನ್ನ ಅಮ್ಮನಿಗೆ ಮಾತ್ರ ಗೊತ್ತು. ಈಗ ಅವನ ಬಾಗಿಲು ತಟ್ಟಿ "ಮಾರಬೇಡ" ಎಂದು ಯಾವ ಬಾಯಲ್ಲಿ ಹೇಳಲಿ?

ಅಪ್ಪ


ಏಪ್ರಿಲ್ 22

ಅಪ್ಪ,

ನಮೂನೆ ಕೊಟ್ಟೆ. ದಿನಾಂಕ ಬರೆಯುವ ಜಾಗ ಬಹಳ ಚಿಕ್ಕದು, ಎರಡು ಸಲ ಹೊಡೆದುಹಾಕಿ ಬರೆದೆ.

ಬೆಲೆಯ ನಕ್ಷೆ ಗೋಡೆಯ ಮೇಲಿದೆ. ನೀನು ಮಾರಿದ್ದು ತುದಿಯಿಂದ ಹತ್ತು ದಿನ ಮೊದಲು. ನಮ್ಮ ಕಚೇರಿಯಲ್ಲಿ ಹೀಗೆ ಮಾರಿದವರ ಬೆನ್ನು ತಟ್ಟುತ್ತಾರೆ. ನಿನಗೆ ಬರೆಯಲು ನನಗೆ ಎರಡು ವಾರ ಪೆನ್ನು ಹಿಡಿಯಲಾಗಲಿಲ್ಲ. ಕೋಪ ಬಂತು, ನಿನ್ನ ಮೇಲೆ ಎಷ್ಟೋ ನನ್ನ ಮೇಲೂ ಅಷ್ಟೇ. ನೀನು ಮಾರಿದ ಷೇರನ್ನು ಆ ದಿನಗಳಲ್ಲಿ ಯಾರೋ ಕೊಂಡಿರಬೇಕಲ್ಲ. ಕೈ ಬದಲಾಗಿ ಅದು ದೊಡ್ಡಪ್ಪನಿಗೇ ಬಂತು ಎನ್ನಲು ಆಧಾರವಿಲ್ಲ, ಅಲ್ಲ ಎನ್ನಲೂ ಇಲ್ಲ. ಮೆಟ್ಟಿಲ ಮೇಲೆ ಕೂರಿಸಿಕೊಂಡು ನನಗೆ ಶೇಕಡಾ ಲೆಕ್ಕ ಹೇಳಿಕೊಟ್ಟವರು ಅವರು. ಕಾಲೇಜಿನ ಹಣ ಕಟ್ಟಿದವರೂ ಅವರೇ ಆಗಿರಬಹುದು ಎಂಬ ಯೋಚನೆ ತಲೆಯಿಂದ ಹೋಗುತ್ತಿಲ್ಲ.

ಇಷ್ಟು ದಿನ ನಾನು ಏರಿಳಿತವನ್ನು ಗೆರೆಗಳಲ್ಲಿ ನೋಡುತ್ತಿದ್ದೆ. ತುದಿಯಲ್ಲಿ ಒಬ್ಬ ಮಾರಬೇಕಾದರೆ ಇನ್ನೊಬ್ಬ ಕೊಳ್ಳಲೇಬೇಕು. ಪುಸ್ತಕದಲ್ಲಿ ಓದಿ ಪಾಸಾಗಿದ್ದೆ, ಈಗ ತಿಳಿಯಿತು.

ಇವತ್ತು ಷೇರು ಹದಿನಾರು. ಇನ್ನೂ ಇಳಿದಿದೆ. ಮಾರಬೇಡಿ ಎಂದು ಹೇಳಲು ಮೊದಲು ಆವತ್ತಿನ ಮಾತು ಹೇಳಬೇಕು, ಬೇರೆ ದಾರಿ ಇಲ್ಲ. ಅವರು ಬಯ್ಯಲಿ, ಹೊಡೆಯಲಿ. ಎರಡು ಮನೆಗಳ ನಡುವಿನ ರಸ್ತೆ ಹನ್ನೆರಡು ಅಡಿ ಅಗಲ ಇದೆ ಅಪ್ಪ, ಚಿಕ್ಕವಳಿದ್ದಾಗ ನಾನೇ ಬಳಪದಲ್ಲಿ ಗೆರೆ ಎಳೆದು ಅಳೆದಿದ್ದೇನೆ.

ನಿನ್ನ ಮಗಳು


ಮೇ 2

ಮಗಳೇ,

ಹೋದೆ.

ಅವನು ಕುರ್ಚಿಗೆ ಹೊಸ ಪಟ್ಟಿ ಹೆಣೆಯುತ್ತಿದ್ದ. ಕೂರು ಎನ್ನಲಿಲ್ಲ, ನಾನೂ ಕೂರಲಿಲ್ಲ. ಲಾರಿ, ಕಲ್ಲು, ಚೀಟಿ, ದಲ್ಲಾಳಿ, ಎಲ್ಲ ಹೇಳಿದೆ. "ನೀನು ಕೇಳಿದ ದಿನ ನನ್ನ ಹತ್ತಿರ ಒಂದು ಷೇರೂ ಇರಲಿಲ್ಲ" ಎಂದೆ. ಅವನ ಕೈ ಪಟ್ಟಿಯ ಮೇಲೇ ನಿಂತಿತು. ಆಮೇಲೆ ರಾಶಿ ನೂರ ಅರವತ್ತು ಹೆಜ್ಜೆ ಆಗಿದೆ, ಬೆಟ್ಟದಾಚೆ ನೀರು ಬಿಟ್ಟಿದ್ದಾರೆ, ಈಗ ಮಾರಬೇಡ, ನಾನು ತಪ್ಪಿರಲೂಬಹುದು, ಆದರೆ ಈ ಸಲ ನನಗೆ ಗೊತ್ತಿರುವುದರಲ್ಲಿ ಒಂದನ್ನೂ ಮುಚ್ಚಿಟ್ಟಿಲ್ಲ ಎಂದೆ.

ಅವನು ಎದ್ದು ಬಾಗಿಲ ಹತ್ತಿರ ಬಂದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ನನ್ನನ್ನು ದಾಟಿ ಹೊರಗೆ ನೋಡುತ್ತಾ ಹೇಳಿದ, "ಒಂಬತ್ತು ವರ್ಷ ನಾನು ನನ್ನನ್ನೇ ದಡ್ಡ ಅಂತ ಬಯ್ಕೊಂಡೆ. ನಿನ್ನನ್ನ ಅಲ್ಲ." ಆಮೇಲೆ ಬಾಗಿಲು ಹಾಕಿಕೊಂಡ. ನಾನು ಬಾಗಿಲು ತೆರೆದರೆ ಅವನು ಹಾಕಿಕೊಳ್ಳುತ್ತಿದ್ದದ್ದು ಕೋಪಕ್ಕಲ್ಲವಂತೆ, ನನ್ನ ಮಾತು ಕೇಳಿ ಮುಳುಗಿದವನ ಮುಖ ನೋಡಿ ನಾನು ನೊಂದುಕೊಳ್ಳುತ್ತೇನೆ ಎಂಬ ಕಾರಣಕ್ಕಂತೆ. ದೊಡ್ಡಮ್ಮ ನಿನ್ನ ಅಮ್ಮನಿಗೆ ಹೇಳಿದ್ದು ಇದು.

ಈಗಿನದು ಮಾತ್ರ ಕೋಪದ ಬಾಗಿಲು.

ಅಪ್ಪ


ಆಗಸ್ಟ್ 20

ಮಗಳೇ,

ನೀನು ಬಂದುಹೋದ ಮೇಲೆ ಬರೆಯುವಂಥದ್ದು ಏನೂ ಇರಲಿಲ್ಲ. ಇವತ್ತು ಇದೆ.

ಮೇ ತಿಂಗಳಲ್ಲಿ ಅವನ ಮಗ ಬಂದ, ಹೋದ. ಮಾರಿದನೋ ಇಲ್ಲವೋ ಕೇಳುವ ಧೈರ್ಯ ನನಗಿರಲಿಲ್ಲ. ಇವತ್ತು ಬೆಳಿಗ್ಗೆ ಬೇಲಿಯ ಹತ್ತಿರ ಹೆಜ್ಜೆ ಎಣಿಸುತ್ತಿದ್ದೆ. ಹಿಂದೆ ಯಾರೋ ಬರುತ್ತಿದ್ದದ್ದು ನನ್ನ ಕಿವಿಗೆ ಎಲ್ಲಿ ಕೇಳಬೇಕು? ತುದಿಗೆ ಬಂದು ತಿರುಗಿದರೆ ಇವನು.

"ಎಷ್ಟು?" ಎಂದ.

"ತೊಂಬತ್ತು."

"ನನ್ನದು ಎಂಬತ್ತೆಂಟು. ನಿನ್ನ ಹೆಜ್ಜೆ ಸಣ್ಣದಾಗಿದೆ, ತಕ್ಕಡಿ."

ಗಣಿಯಲ್ಲಿ ನನಗಿದ್ದ ಆ ಹೆಸರಿನಿಂದ ಅವನು ನನ್ನನ್ನು ಕರೆದು ಒಂಬತ್ತು ವರ್ಷವಾಗಿತ್ತು. ಮೂಗು ಒರೆಸಿಕೊಂಡು ಧೂಳು ಎಂದೆ. ಅವನು ಮಾರಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಲ್ಲು ಕಂಡದ್ದು ಹೇಗೆ, ಗೆರೆ ಎಂದರೇನು, ವಾಪಸು ಬಂದ ಲಾರಿಯ ತೂಕವೆಷ್ಟು ಎಂದು ಒಂದೊಂದಾಗಿ ಕೇಳಿದ. ನೆನಪಿದ್ದಷ್ಟು ಹೇಳಿದೆ. ನೆನಪಿಲ್ಲದ್ದು ಒಂದೂ ಇರಲಿಲ್ಲ.

ಅಪ್ಪ


ಜೂನ್ 11

ಅಪ್ಪ,

ಹತ್ತು ತಿಂಗಳು ನಾವು ಕಾಗದ ಬರೆದಿಲ್ಲ. ಬೆಲೆ ಏರುವಾಗ ಯಾರಿಗೂ ಯೋಚಿಸಲು ಪುರುಸೊತ್ತಿರುವುದಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಚಳಿಗಾಲದಲ್ಲಿ ವಿದ್ಯುತ್ ಸ್ಥಾವರಗಳ ಅಂಗಳಗಳು ಬರಿದಾದವು, ತೆರೆಯಬೇಕೆಂದರೆ ಗಣಿಗಳು ನೀರಿನಡಿ. ನಿನ್ನ ಕಂಪನಿಯ ಷೇರು ಇವತ್ತು ಅರವತ್ತನಾಲ್ಕು.

ಹೋದ ವರ್ಷ ಕೊಳ್ಳಿ ಎಂದು ನಾನು ಬರೆದಾಗ ಮ್ಯಾನೇಜರು ನನ್ನನ್ನು ಸಮಾಧಾನಪಡಿಸಲು ಚೂರೇ ಚೂರು ಕೊಂಡಿದ್ದರು. ಈಗ ಇನ್ನೂ ಯಾಕೆ ಕೊಳ್ಳಲಿಲ್ಲ ಎಂದು ನನ್ನನ್ನೇ ಕೇಳುತ್ತಾರೆ. ಕಲ್ಲಿದ್ದಲಿನ ಕಥೆ ಮುಗಿಯಿತು ಎಂದಿದ್ದವರು ಇನ್ನು ಹತ್ತು ವರ್ಷ ಇದೇ ಅನ್ನುತ್ತಿದ್ದಾರೆ. ಹೋದ ವಾರ ಮೂರು ಕಂಪನಿಗಳು ಹೊಸ ಗಣಿ ತೋಡುವುದಾಗಿ ಸಾರಿದವು. ಅದನ್ನು ಓದಿ ಗೋಡೆಯ ನಕ್ಷೆಯ ಮುಂದೆ ಹೋಗಿ ನಿಂತೆ. ಕೆಳಗಿದ್ದಾಗ ಒಬ್ಬಳೇ ನಿಲ್ಲುವುದು ಕಷ್ಟ ಅಂದುಕೊಂಡಿದ್ದೆ. ಎಲ್ಲರೂ ಬಂದು ಪಕ್ಕದಲ್ಲಿ ನಿಂತ ಮೇಲೆ ಹೊರಡುವುದು ಅದಕ್ಕಿಂತ ಕಷ್ಟ.

ಸಾಲು ಎಲ್ಲಿಗೆ ಬಂತು?

ನಿನ್ನ ಮಗಳು


ಸೆಪ್ಟೆಂಬರ್ 16

ಮಗಳೇ,

ಸಾಲು ಸೈಕಲ್ ಅಂಗಡಿ ದಾಟಿದೆ. ಷೇರು ತೊಂಬತ್ಮೂರು. ಕ್ಯಾಂಟೀನಿನಲ್ಲಿ ಹಳಬರ ಜೊತೆ ಹೊಸ ಹುಡುಗರೂ ಕೊಳ್ಳುತ್ತಿದ್ದಾರೆ.

ನಾನು, ನಿನ್ನ ದೊಡ್ಡಪ್ಪ ದಿನಾ ಆಸ್ಪತ್ರೆಯ ತಿರುವಿನ ಮೋರಿ ಕಟ್ಟೆಯ ಮೇಲೆ ಕೂರುತ್ತೇವೆ. ನನಗೀಗ ವೇಬ್ರಿಜ್ ಇಲ್ಲ, ಬೇಕಾಗಿಯೂ ಇಲ್ಲ. ಎರಡು ವಾರದಿಂದ ಲಾರಿಗಳ ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿಗಳು ಚಪ್ಪಟೆಯಾಗಿ ಹೋಗುತ್ತಿವೆ. ತುಂಬಿದ್ದು ಅದೇ ಬಿಳಿ ಗೆರೆಗೆ. ನಿನ್ನೆ ತಿರುವಿನಲ್ಲಿ ಒಂದು ಲಾರಿಯಿಂದ ತೆಂಗಿನಕಾಯಿ ಗಾತ್ರದ ಗಟ್ಟಿ ಬಿತ್ತು. ಅವನೇ ಹೋಗಿ ಎತ್ತಿದ. ಎತ್ತಿದವನು ಅಲ್ಲೇ ನಿಂತ. ಕರಿ ಧೂಳು ಮೆತ್ತಿದ ಬರೀ ಕಲ್ಲು. ಕಲ್ಲು ಆರಿಸುವ ಹೆಂಗಸರನ್ನು ಮೊನ್ನೆಯಷ್ಟೇ ಮನೆಗೆ ಕಳಿಸಿದ್ದಾರೆ.

ಮಾರು ಎಂದೆ. ಅವನಿಗೆ ನೂರು ಬೇಕು. "ನೂರಕ್ಕೆ ಕೊಂಡಿದ್ದು. ಇನ್ನು ಏಳೇ ಏಳು, ಕಾಯ್ತೀನಿ" ಎಂದ. ನೂರು ಎಂಬುದು ನಿನ್ನ ತಲೆಯಲ್ಲಿದೆ, ಲಾರಿಗೆ ಅದು ಗೊತ್ತಿಲ್ಲ ಎಂದೆ. ಮನೆ ಕೊಳ್ಳಲು ಎಷ್ಟು ಬೇಕೋ ಅಷ್ಟು ಈಗಲೇ ಇದೆ, ಹಣ ಕಟ್ಟಲು ಡಿಸೆಂಬರಿನವರೆಗೆ ಮಾತ್ರ ಸಮಯ. ಅವನು ಕಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಧೂಳು ಒರೆಸುತ್ತಾ ಕೂತ.

ನಾಳೆ ಕ್ಯಾಂಟೀನಿಗೆ ಹೋಗಬೇಕೆಂದಿದ್ದೇನೆ.

ಅಪ್ಪ


ನವೆಂಬರ್ 8

ಮಗಳೇ,

ಇದು ನಿನ್ನ ಎದುರು ಮನೆ ದೊಡ್ಡಪ್ಪ ಬರೆಯುವ ಕಾಗದ. ಎರಡು ತಿಂಗಳಿಂದ ಅಪ್ಪ ಬರೆದಿಲ್ಲ ಎಂದು ನೀನು ಕೇಳಿದೆಯಂತೆ. ಅವನು ಬರೆಯುವುದಿಲ್ಲ. ಅದಕ್ಕೆ ನಾನು ಕೂತಿದ್ದೇನೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು, ನಿನ್ನ ಲೆಕ್ಕ ನಾನು ತಿದ್ದಿದ್ದೇನೆ.

ಆವತ್ತು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅರವತ್ತು ಜನ ಇದ್ದರು. ನಾನು ಆ ಕಲ್ಲನ್ನು ಮೇಜಿನ ಮೇಲಿಟ್ಟೆ. ನಿನ್ನ ಅಪ್ಪ ಎದ್ದು ನಿಂತ. ಕಿವಿ ಕೇಳಿಸದವನ ಗಂಟಲು ನಿನಗೆ ಗೊತ್ತಲ್ಲ, ಅಡುಗೆಯವನೂ ಸೌಟು ಹಿಡಿದು ಹೊರಗೆ ಬಂದ. "ಲಾರಿಯಲ್ಲಿ ಕಲ್ಲು ಹೋಗ್ತಿದೆ. ಇದ್ದವರು ಮಾರಿ, ಇಲ್ಲದವರು ಕೊಳ್ಳಬೇಡಿ" ಎಂದ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಹೋದ ಸಲ ಇದೇ ಕಲ್ಲು ನೋಡಿ ನಾನು ಮಾರಿದೆ. ನಿಮಗೆ ಯಾರಿಗೂ ಹೇಳಲಿಲ್ಲ" ಎಂದ. ಮೂವತ್ತೊಂದು ಜನರಲ್ಲಿ ಹದಿನೇಳು ಜನ ಅಲ್ಲೇ ಕೂತಿದ್ದರು. ಒಬ್ಬ ಎದ್ದು ಹೊರಗೆ ಹೋದ. ಒಬ್ಬ ಚಹಾದ ಲೋಟ ಎಸೆದ, ಗೋಡೆಗೆ ಬಿತ್ತು. ನಿನ್ನ ಅಪ್ಪ ಕದಲದೆ ನಿಂತಿದ್ದ. ನಾನು ಅವನ ಪಕ್ಕ ಎದ್ದು ನಿಂತೆ.

ಮರುದಿನ ನಾನು ಮಾರಿದೆ. ತೊಂಬತ್ಮೂರಕ್ಕೆ. ಮನೆಯ ಹಣ ಕಟ್ಟಿದೆ, ಪತ್ರ ಪೆಟ್ಟಿಗೆಯಲ್ಲಿದೆ. ಇನ್ನು ಎಂಟು ಹತ್ತು ಜನ ಮಾರಿದರು. ಉಳಿದವರು ನಕ್ಕರು.

ಆಮೇಲೆ ಷೇರು ಏನಾಯಿತು ಎಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ತೊಂಬತ್ತೆಂಟು ಆಯಿತು. ನೂರಾಯಿತು. ಇವತ್ತು ನೂರ ಹನ್ನೆರಡು. ಕ್ಯಾಂಟೀನಿನಲ್ಲಿ ನಮ್ಮನ್ನು ಕಂಡರೆ ಹುಡುಗರು "ಕಲ್ಲು ಬಂತು, ಕಲ್ಲು ಬಂತು" ಎನ್ನುತ್ತಾರೆ. ಅವರು ಹೇಳಿದ್ದೇ ನಿಜವಾಗಬಹುದು, ನಿನ್ನ ಅಪ್ಪ ಹೇಳಿದ್ದೂ ಆಗಬಹುದು. ಸ್ಪ್ರಿಂಗ್ ಪಟ್ಟಿಗಳಂತೂ ಇನ್ನೂ ಚಪ್ಪಟೆಯೇ ಇವೆ. ಹೋದ ಸಲ ಕಲ್ಲು ಬಂದು ಎಷ್ಟು ದಿನಕ್ಕೆ ಬಿತ್ತು ಎಂದು ಎಣಿಸಿಕೊಂಡು ಕೂರುವ ವಯಸ್ಸು ನನ್ನದಲ್ಲ.

ನಿನ್ನ ಅಪ್ಪ ಮಾತ್ರ ನೂರು ದಾಟಿದ ದಿನದಿಂದ ಮೋರಿ ಕಟ್ಟೆಗೆ ಬಂದಿಲ್ಲ. ನಾನು ಹೊರಗೆ ಬಂದರೆ ಒಳಗೆ ಹೋಗುತ್ತಾನೆ. ತಾನು ಎರಡನೆಯ ಸಲವೂ ನನ್ನ ದುಡ್ಡು ಕಳೆದೆ ಎಂದು ನಿನ್ನ ಅಮ್ಮನ ಹತ್ತಿರ ಹೇಳಿಕೊಂಡು ಕೂತಿದ್ದಾನಂತೆ. ಕಿವಿ ಹೋದದ್ದು ಸಾಲದೆಂದು ತಲೆಯೂ ಹೋಗಿದೆ. ನೂರ ಹನ್ನೆರಡು ಇಟ್ಟುಕೊಂಡು ನಾನೇನು ಮಾಡಲಿ? ನನಗೆ ಬೇಕಾದದ್ದು ಈ ಬೀದಿಯಲ್ಲಿ ಒಂದು ಬಾಗಿಲು, ಅದು ಸಿಕ್ಕಿದೆ. ಆ ಸಲ ಅವನು ಮಾರಿ ಸುಮ್ಮನಿದ್ದ. ಈ ಸಲ ನನಗೆ ಹೇಳಿದ.

ಇವತ್ತು ಸಂಜೆ ರಸ್ತೆ ದಾಟಿ ಹೋದೆ. ಬಾಗಿಲು ತಟ್ಟಿದೆ. ಅವನಿಗೆ ಕೇಳಿಸಲಿಲ್ಲ. ನಾನೇ ತಳ್ಳಿಕೊಂಡು ಒಳಗೆ ಹೋಗಿ ಕೂತೆ.

ನಿನ್ನ ದೊಡ್ಡಪ್ಪ